ಸದ್ದಡಗಿದ ಪೆಟ್ಟಿಗೆ

(ಸಂಘದ ವಾರ್ಷಿಕೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಹಾರ್ಡ್ ಡಿಸ್ಕಿನ ಸದ್ದೂ ಒಂದು ಭಾಷಣದ ವಿಷಯವೇ ಎಂದು ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ನಕ್ಕರು. ನಗುವುದು ಸಹಜವೇ. ಆದರೆ ಈ ಸದ್ದಿನ ಪ್ರಕರಣದಲ್ಲಿ ನಾವು ಕಳೆದುಕೊಂಡದ್ದು ಏನೆಂಬುದನ್ನು ಕೇಳಿದ ಮೇಲೆ ತಾವು ನಗಲಾರಿರಿ.

ನಮ್ಮ ಮನೆಯ ನಡುಮನೆಯಲ್ಲಿ ಪ್ಲೈವುಡ್ ಬೀರುವಿನ ಮೇಲೆ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದರೊಳಗೆ ಎರಡು ಹಾರ್ಡ್ ಡಿಸ್ಕುಗಳು. ಚಲನಚಿತ್ರ, ನಾಟಕ, ಪಾಠ, ಮದುವೆಯ ಛಾಯಾಚಿತ್ರ ಇವೆಲ್ಲವನ್ನೂ ಅದರಲ್ಲಿ ಕೂಡಿಟ್ಟು ಟಿ.ವಿ.ಯಲ್ಲಿಯೂ ಮೊಬೈಲುಗಳಲ್ಲಿಯೂ ನೋಡುತ್ತಿದ್ದೆವು. ಇಂಥದಕ್ಕೆ ಮೀಡಿಯಾ ಸರ್ವರ್ ಎಂದು ಹೆಸರು. ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಪೆಟ್ಟಿಗೆ ಎಂದೇ. ತಳಿಯ ಕಡೆಯ ಹಳ್ಳಿಯವರಾದ ನಮ್ಮ ತಾಯಿಯವರು ರಾಗಿ ಬೀಸುವಾಗ ಹಾಡುತ್ತಿದ್ದ ಪದಗಳನ್ನು, ಅವರ ಕಡೆಯ ವರ್ಷದಲ್ಲಿ ಮೊಬೈಲಿನಲ್ಲಿ ಹಿಡಿದು, ಆ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೆವು. ಅವು ಹತ್ತೊಂಬತ್ತು ಪದಗಳು.

ಹಗಲಿನಲ್ಲಿ ಪೆಟ್ಟಿಗೆಯ ಸದ್ದು ಕೇಳುತ್ತಿರಲಿಲ್ಲ. ಬೀದಿಯ ಲಾರಿಗಳು ನಿಂತ ಮೇಲೆ, ರಾತ್ರಿ ಹತ್ತರ ಹೊತ್ತಿಗೆ, ದುಂಬಿಯಂತೆ ಗುಂಯ್‌ಗುಡುವ ಒಂದು ಧ್ವನಿ, ನಡುನಡುವೆ ಕಟಕಟ ಎಂಬ ಇನ್ನೊಂದು. ಓದಲು ಕುಳಿತ ಮಕ್ಕಳಿಗೆ ಬೇಸರ, ಮಲಗಿದ ನಮಗೆ ನಿದ್ರಾಭಂಗ.

ಈ ಎರಡು ಧ್ವನಿಗಳ ಮೂಲ ಬೇರೆ ಬೇರೆ. ಡಿಸ್ಕಿನ ಒಳಗೆ ಕನ್ನಡಿಯಂತೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 5400 ಸಾರಿಯೋ 7200 ಸಾರಿಯೋ ತಿರುಗುತ್ತವೆ. 60ರಿಂದ ಭಾಗಿಸಿ ನೋಡಿ: ಸೆಕೆಂಡಿಗೆ 90 ಅಥವಾ 120 ಸುತ್ತು. ಗುಂಯ್‌ಕಾರದ ಶ್ರುತಿ ಬಹುಮಟ್ಟಿಗೆ ಅದೇ. ತಟ್ಟೆಯ ಮೇಲೆ ಕೂದಲೆಳೆಯ ದಪ್ಪದಲ್ಲಿ ಸಾವಿರದಲ್ಲೊಂದು ಪಾಲೂ ಇಲ್ಲದ ಎತ್ತರದಲ್ಲಿ ತೇಲುತ್ತ ಬರೆದು ಓದುವ ಒಂದು ತೋಳುಂಟು. ಅದು ಒಂದೆಡೆಯಿಂದ ಇನ್ನೊಂದೆಡೆಗೆ ಥಟ್ಟನೆ ಹಾರಿ ನಿಲ್ಲುವಾಗ ಆಗುವುದು ಕಟಕಟ. 1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಡಿಸ್ಕು ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಇಂದು ಒಂದು ಹಾಡಿಗೆ ಅಷ್ಟು ಸ್ಥಳ ಸರಿಹೋಗುತ್ತದೆ.

ನಮ್ಮ ಪೆಟ್ಟಿಗೆಯ ಗುಂಯ್‌ಕಾರ ಒಂದೇ ಸಮನಾಗಿಯೂ ಇರಲಿಲ್ಲ, ಏರುತ್ತಿತ್ತು, ಇಳಿಯುತ್ತಿತ್ತು. ಎರಡು ಡಿಸ್ಕುಗಳ ವೇಗ ಕೂದಲೆಳೆಯಷ್ಟು ಬೇರೆಯಾದರೂ ಹೀಗಾಗುತ್ತದೆ. ಶ್ರುತಿ ಕೂಡದ ತಂಬೂರಿಯ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದಾಗ ಕೇಳುವ ಅಲೆತವೇ ಇದು. ಪಠ್ಯದಲ್ಲಿ ಇದನ್ನು ವಿಸ್ಪಂದವೆಂದು ಓದಿದ್ದೀರಷ್ಟೆ.

ಸದ್ದನ್ನು ಅಡಗಿಸಲು ನಾವು ಮಾಡಿದ್ದೇನು? ಹೇಳಲು ಸಂಕೋಚವಾಗುತ್ತದೆ. ವಿಜ್ಞಾನ ಬೋಧಿಸುವ ನಾವು ಒಂದು ಕಂಬಳಿಯನ್ನು ತಂದು ಪೆಟ್ಟಿಗೆಗೆ ಹೊದಿಸಿದೆವು! ಸದ್ದು ಅಡಗಿತು. ಅದು ಏಪ್ರಿಲ್ ತಿಂಗಳು. ಹೊಸೂರಿನ ಹವೆ ತಂಪೆಂದು ಹೆಸರಾದರೂ ಕಂಬಳಿಯ ಒಳಗಿನ ಹವೆ ತಂಪಾಗಿರಲಿಲ್ಲ. ಸಾಮಾನ್ಯ ಡಿಸ್ಕುಗಳಿಗೆ ತಯಾರಕರು ಹೇಳುವ ಮೇರೆ 60 ಡಿಗ್ರಿ ಸೆಲ್ಸಿಯಸ್. 40ರ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ಲೇಸು. ಮೇ ತಿಂಗಳ ಒಂದು ಬೆಳಗ್ಗೆ ಪೆಟ್ಟಿಗೆ ಪೂರ್ತಿ ನಿಶ್ಶಬ್ದವಾಗಿತ್ತು. ನಾವು ಸಂತೋಷಪಟ್ಟೆವು. ಸಂಜೆ ಮಗಳು ಅಜ್ಜಿಯ ಪದ ಕೇಳಬೇಕೆಂದಾಗ ತಿಳಿಯಿತು, ಡಿಸ್ಕು ಸತ್ತಿತ್ತು.

ಬೆಂಗಳೂರಿಗೆ ಒಯ್ದೆವು. ಡಿಸ್ಕನ್ನು ಬಿಚ್ಚಿ ನೋಡಿದವರು, ತಟ್ಟೆಯ ಮೈಯೇ ಗೀರಿಹೋಗಿದೆ, ಇದು ಕೆಲವು ದಿನಗಳಿಂದಲೇ ಟಿಕ್‌ಟಿಕ್ ಎಂದು ಶಬ್ದ ಮಾಡಿರಬೇಕು, ತಾವು ಕೇಳಲಿಲ್ಲವೇ ಎಂದರು. ಕೇಳುವುದೆಲ್ಲಿಂದ? ಬಿಸಿಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ; ಡಿಸ್ಕು ಹಳೆಯದು. ಆದರೆ ಅದು ಕೂಗಿಕೊಂಡಾಗ ಕೇಳದಂತೆ ಮಾಡಿಕೊಂಡವರು ನಾವು. ಡೆಂಕಣಿಕೋಟೆಯ ನಮ್ಮ ತಂಗಿಯ ಮೊಬೈಲಿನಲ್ಲಿ ಹನ್ನೆರಡು ಪದಗಳು ಸಿಕ್ಕಿದವು. ಏಳು ಹೋದವು.

ಆ ಮೇಲೆ ಸದ್ದಿನ ವಿಷಯವನ್ನು ಸರಿಯಾಗಿ ಯೋಚಿಸಿದೆವು. ಶ್ರುತಿಕವೆಯನ್ನು ತಟ್ಟಿ ಕೈಯಲ್ಲಿ ಹಿಡಿದರೆ ಕಿವಿಯ ಹತ್ತಿರಕ್ಕೆ ತರದೆ ಕೇಳಿಸದು. ಅದರ ಕಾಲನ್ನು ಮೇಜಿಗೆ ಊರಿದೊಡನೆ ತರಗತಿಯೆಲ್ಲ ಕೇಳುತ್ತದೆ. ಎಂಟನೆಯ ತರಗತಿಯ ಮಕ್ಕಳೂ ಇದನ್ನು ಬಲ್ಲರು. ಡಿಸ್ಕು ಶ್ರುತಿಕವೆ, ತಗಡಿನ ಪೆಟ್ಟಿಗೆ, ಅದರ ಕೆಳಗಿನ ಪೊಳ್ಳು ಬೀರು, ಇವು ವೀಣೆಯ ಕೊಡ. ಕೊಡಕ್ಕೆ ಕಂಬಳಿ ಹೊದಿಸಿ ಫಲವೇನು? ತಂತಿಯ ಕಂಪನ ಕೊಡಕ್ಕೆ ತಲುಪದಂತೆ ಮಾಡಬೇಕು.

ಇದಕ್ಕೆ ಬೇಕಾದುದು ಹಳೆಯ ಸೈಕಲ್ ಟ್ಯೂಬು. ಅದನ್ನು ಬೆರಳಗಲ ಪಟ್ಟಿಗಳಾಗಿ ಕತ್ತರಿಸಿ, ಪೆಟ್ಟಿಗೆಯ ದೊಡ್ಡ ಗೂಡಿನಲ್ಲಿ ತೊಟ್ಟಿಲಂತೆ ಬಿಗಿದು, ತಿರುಪುಗಳನ್ನು ಬಿಟ್ಟು ಡಿಸ್ಕನ್ನು ಅದರಲ್ಲಿ ಮಲಗಿಸಿದೆವು. ಡಿಸ್ಕು ಎಲ್ಲಿಯೂ ತಗಡನ್ನು ಮುಟ್ಟಕೂಡದು, ತಂತಿಗಳು ಸಡಿಲವಾಗಿರಬೇಕು, ಸುತ್ತ ಗಾಳಿಯಾಡಬೇಕು. ಎತ್ತಿಕೊಂಡು ತಿರುಗಾಡುವ ಪೆಟ್ಟಿಗೆಗೆ ಈ ಉಪಾಯ ಸಲ್ಲದು. ಪೆಟ್ಟಿಗೆಯ ಕೆಳಗೆ ಒಂದು ಹಾಸುಗಲ್ಲು, ಅದರ ಕೆಳಗೆ ದಪ್ಪ ರಬ್ಬರು. ಭಾರವಾದ ವಸ್ತು ಸುಲಭವಾಗಿ ಕಂಪಿಸದು. ಗ್ರಾನೈಟಿನ ತುಂಡಿಗೆ ಕೃಷ್ಣಗಿರಿ ಜಿಲ್ಲೆಯಲ್ಲಿ ಬರಗಾಲವೇ! ಕಿರುಚುವ ಸಣ್ಣ ಫ್ಯಾನನ್ನು ತೆಗೆದು, ನಿಧಾನವಾಗಿ ತಿರುಗುವ 120 ಮಿಲಿಮೀಟರಿನ ದೊಡ್ಡದನ್ನು ಹಾಕಿದೆವು. ಅಷ್ಟೇ ಗಾಳಿ, ಕಡಮೆ ಸದ್ದು.

ಯಾರೂ ನೋಡದಿರುವಾಗ ಅರ್ಧ ಗಂಟೆಯ ಬಳಿಕ ಡಿಸ್ಕು ತಾನೇ ನಿಲ್ಲುವಂತೆಯೂ ಏರ್ಪಡಿಸಬಹುದು. ಐದೈದು ನಿಮಿಷಕ್ಕೆ ನಿಲ್ಲಿಸಿ ಹೊರಡಿಸುವುದು ಮಾತ್ರ ಅದಕ್ಕೆ ಒಳ್ಳೆಯದಲ್ಲ.

ಸದ್ದು ಡಿಸ್ಕಿನಿಂದ ಹೊರಡುವಂತೆ ಹೊರಗಿನ ಸದ್ದು ಡಿಸ್ಕಿಗೂ ತಟ್ಟುತ್ತದೆ. 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯ ಬ್ರೆಂಡನ್ ಗ್ರೆಗ್ ಎಂಬ ತಜ್ಞರು ಡಿಸ್ಕುಗಳ ಮುಂದೆ ಗಟ್ಟಿಯಾಗಿ ಕಿರುಚಿದರು. ಕಿರುಚಿದ ಕ್ಷಣದಲ್ಲಿ ಅವುಗಳ ಕೆಲಸ ತಡವರಿಸಿದ್ದು ಪರದೆಯ ಮೇಲೆ ಸ್ಪಷ್ಟವಾಗಿ ಕಂಡಿತು. ಆದುದರಿಂದ ಸ್ಪೀಕರನ್ನು ಪೆಟ್ಟಿಗೆಯ ಮೇಲೆ ಇಡತಕ್ಕದ್ದಲ್ಲ. (ಡಿಸ್ಕಿನ ಮುಂದೆ ಕಿರುಚಿ ನೋಡುವ ಪ್ರಯೋಗವನ್ನು ಹಿಂದಿನ ಬೆಂಚಿನವರು ಮನೆಯಲ್ಲಿ ಮಾಡಬಾರದಾಗಿ ವಿನಂತಿ.)

ಇಷ್ಟೆಲ್ಲ ಮಾಡಿದ ಮೇಲೆ ನಮ್ಮ ಮನೆಯವರು ಒಂದು ಮಾತು ಕೇಳಿದರು: "ಪೆಟ್ಟಿಗೆ ನಡುಮನೆಯಲ್ಲಿಯೇ ಏಕಿರಬೇಕು?" ಉತ್ತರವಿರಲಿಲ್ಲ. ಜಾಲದ ತಂತಿ 100 ಮೀಟರಿನವರೆಗೆ ತೊಂದರೆಯಿಲ್ಲದೆ ಕೆಲಸ ಮಾಡುತ್ತದೆ. ಪೆಟ್ಟಿಗೆ ಈಗ ಉಗ್ರಾಣದಲ್ಲಿದೆ, ರಾಗಿಯ ಮೂಟೆಯಿಂದ ದೂರವಾಗಿ, ಧೂಳು ಬೀಳದ ಕಡೆ. ಸದ್ದೇ ಮಾಡದ ಎಸ್‌.ಎಸ್‌.ಡಿ.ಗಳೂ ಇವೆ, ತಿರುಗುವ ತಟ್ಟೆಯಿಲ್ಲ, ಹಾರುವ ತೋಳಿಲ್ಲ. ಚಲನಚಿತ್ರಗಳನ್ನೆಲ್ಲ ತುಂಬುವಷ್ಟು ದೊಡ್ಡದಕ್ಕೆ ನಮ್ಮ ಸಂಬಳ ಸಾಲದು. ಉಳಿದ ಹನ್ನೆರಡು ಪದಗಳನ್ನು ಒಂದು ಚಿಕ್ಕ ಎಸ್‌.ಎಸ್‌.ಡಿ.ಯಲ್ಲಿ, ಪೆಟ್ಟಿಗೆಯ ಹೊಸ ಡಿಸ್ಕಿನಲ್ಲಿ, ತಂಗಿಯ ಮನೆಯಲ್ಲಿ, ಹೀಗೆ ಮೂರು ಕಡೆ ಇಟ್ಟಿದ್ದೇವೆ. ಅವು ನಿಶ್ಶಬ್ದವಾಗಿ ಸತ್ತರೂ ಹೆದರಿಕೆಯಿಲ್ಲ.

ಡಿಸ್ಕು ತನ್ನ ಬಿಸಿಯನ್ನೂ ಕೆಟ್ಟ ಭಾಗಗಳ ಎಣಿಕೆಯನ್ನೂ ಸ್ಮಾರ್ಟ್ ಎಂಬ ದಾಖಲೆಯಲ್ಲಿ ತಾನೇ ಬರೆದಿಡುತ್ತದೆ. ಅದನ್ನು ತೋರಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಪ್ರತಿ ತಿಂಗಳ ಮೊದಲ ಭಾನುವಾರ ನಾವು ಆ ದಾಖಲೆಯನ್ನು ನೋಡುತ್ತೇವೆ. ಬಳಿಕ ಉಗ್ರಾಣದ ಬಾಗಿಲು ಮುಚ್ಚಿ, ಪೆಟ್ಟಿಗೆಗೆ ಕಿವಿಯಿಟ್ಟು ಒಂದು ನಿಮಿಷ ಕೇಳುತ್ತೇವೆ.

ಮನೆಯಲ್ಲಿ ಹಿರಿಯರ ಧ್ವನಿಯನ್ನು ಹಳೆಯ ಡಿಸ್ಕಿನಲ್ಲಿ ಇಟ್ಟಿರುವ ಪೋಷಕರು ಬರುವ ಶನಿವಾರ ಮಧ್ಯಾಹ್ನ ಶಾಲೆಗೆ ತರಬಹುದು. ಪ್ರತಿ ತೆಗೆದುಕೊಡಲು ಹತ್ತನೆಯ ತರಗತಿಯ ನಾಲ್ವರು ಒಪ್ಪಿದ್ದಾರೆ. ತಿರುಪುಳಿಯೂ ಟ್ಯೂಬಿನ ಪಟ್ಟಿಯೂ ನಮ್ಮಲ್ಲಿವೆ.