ಅಮ್ಮನ ಪಾವು, ಅಂಗಡಿಯ ಪಾವ್



ಭಿವಂಡಿಯ ಯಾವುದೇ ಕಿರಾಣಿ ಅಂಗಡಿಯಲ್ಲಿ ‘ಏಕ್ ಪಾವ್ ಬೇಸನ್’ ಎಂದು ಕೇಳಿ. ಅಂಗಡಿಯವರು 250 ಗ್ರಾಂ ತೂಗಿ ಪೊಟ್ಟಣ ಕಟ್ಟಿಕೊಡುತ್ತಾರೆ. ಊರಿನಿಂದ ಅಮ್ಮ ಫೋನಿನಲ್ಲಿ ‘ಒಂದು ಪಾವು ಕಡಲೆಹಿಟ್ಟು ತಗೋ’ ಅಂದರೆ ಅದು ತೂಕವಲ್ಲ, ಪಾವು ಎಂಬ ಪಾತ್ರೆಯ ತುಂಬ ಹಿಟ್ಟು. ಎರಡಕ್ಕೂ ಅರ್ಥ ಸೇರಿನ ಕಾಲುಭಾಗ ಎಂದೇ. ಆದರೆ ಇಲ್ಲಿನ ಬಜಾರಿನ ಹಳೆಯ ಸೇರು 80 ತೊಲದ ತೂಕ, ಸುಮಾರು 933 ಗ್ರಾಂ. 1956ರ ಕಾಯ್ದೆಯ ನಂತರ ಹಂತಹಂತವಾಗಿ ಕಿಲೋ ಬಂದಾಗ ಪಾವ್ ಕಾಲು ಕಿಲೋ ಆಯಿತು. ನಮ್ಮ ಅಡುಗೆಮನೆಯ ಸೇರು ಅಳೆಯುವ ಪಾತ್ರೆಯಾಗಿಯೇ ಉಳಿಯಿತು. ಅದೂ ಸೀಮೆಗೊಂದು ಥರ. ಸಿದ್ದೆ, ಸೊಲಗೆಗಳ ಕಥೆ ಕೇಳುವುದೇ ಬೇಡ!

ಈ ಗೊಂದಲಕ್ಕೆ ಮೊದಲು ಬಲಿಯಾಗುವುದು ದೀಪಾವಳಿಯ ಮೈಸೂರುಪಾಕು. ಹಲವು ಮನೆಗಳ ಲೆಕ್ಕ: ಒಂದು ಪಾವು ಕಡಲೆಹಿಟ್ಟಿಗೆ ಎರಡು ಪಾವು ಸಕ್ಕರೆ. ಇದನ್ನೇ ಅಂಗಡಿಯ ಭಾಷೆಗೆ ತಿರುಗಿಸಿ ಕಾಲು ಕಿಲೋ ಹಿಟ್ಟು, ಅರ್ಧ ಕಿಲೋ ಸಕ್ಕರೆ ತಂದು ಅಷ್ಟನ್ನೂ ಬಾಣಲೆಗೆ ಸುರಿದರೆ? ಕಾಲು ಲೀಟರಿನ ಪಾವಿನಲ್ಲಿ ಹಗುರ ಕಡಲೆಹಿಟ್ಟು ಸುಮಾರು 110 ಗ್ರಾಂ ಹಿಡಿಯುತ್ತದೆ. ಸಕ್ಕರೆ ಭಾರ, ಎರಡು ಪಾವಿಗೆ 420 ಗ್ರಾಂ ಆಗುತ್ತದೆ. ಅಂದರೆ ಅಮ್ಮನ ಒಂದಕ್ಕೆರಡು ತೂಕದಲ್ಲಿ ಒಂದಕ್ಕೆ ನಾಲ್ಕರ ಹತ್ತಿರ. ನೀವು ಹಾಕಿದ್ದು ಬೇಕಾದುದರ ಇಮ್ಮಡಿಯಷ್ಟು ಹಿಟ್ಟು. ಪಾಕ ಸಾಲದೆ ಹಿಟ್ಟುಹಿಟ್ಟಾಗಿ ಕೂರುತ್ತದೆ, ತುಪ್ಪದ ದುಡ್ಡೂ ಹೋಯಿತು. ಆಗ ಬೈಗುಳ ಬೀಳುವುದು ಪಾಪ, ಸಾಮಾನು ತಂದ ಯಜಮಾನರಿಗೆ.

ಇಡ್ಲಿಯಲ್ಲಿ ಇಷ್ಟು ಗೋಳಿಲ್ಲ. ಅಕ್ಕಿ, ಉದ್ದಿನಬೇಳೆ ಎರಡೂ ಪಾವಿಗೆ ಹೆಚ್ಚುಕಡಿಮೆ 200 ಗ್ರಾಮಿಗೆ ಸ್ವಲ್ಪ ಮೇಲೆ ತೂಗುತ್ತವೆ. ಹಾಗಾಗಿ ಲೋಟದಲ್ಲಿ ಅಳೆದರೂ ಸರಿ, ತೂಗಿದರೂ ಸರಿ. ಗೋಧಿಹಿಟ್ಟು ಮಾತ್ರ 130 ಗ್ರಾಂ ಆಸುಪಾಸು. ಪೇಪರ್ ಅವಲಕ್ಕಿಯಂತೂ ಪಾವಿಗೆ 50 ಗ್ರಾಂ ತೂಗಿದರೆ ಹೆಚ್ಚು.

ಊರಿನ ಪಾವು ಊರಲ್ಲೇ ಉಳಿದಿದೆಯೇ? ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಒಡೆದು ಮನೆಯ ಲೋಟಗಳಿಗೆ ಸುರಿಯಿರಿ. ಸರಿಯಾಗಿ ಎರಡು ತುಂಬಿದರೆ ಆ ಲೋಟ ಕಾಲು ಲೀಟರಿನದು. ಅದನ್ನೇ ಪಾವು ಎಂದಿಟ್ಟುಕೊಳ್ಳಿ. ಊರಿನ ಪಾವು ಎಷ್ಟು ಹಿಡಿಯುತ್ತದೆ ಎಂದು ಅಮ್ಮನಿಂದಲೂ ಹೀಗೇ ಅಳೆಸಿ ಕೇಳಿ. ಆಮೇಲೆ ಅರ್ಧ ಕಿಲೋ ಕಡಲೆಹಿಟ್ಟಿನ ಹೊಸ ಪ್ಯಾಕೆಟ್ ತೆಗೆದು ಎಷ್ಟು ಲೋಟ ಆಗುತ್ತದೆ ಎಣಿಸಿ, 500ನ್ನು ಅದರಿಂದ ಭಾಗಿಸಿ. ಒಂದು ಲೋಟದ ತೂಕ ಸಿಕ್ಕಿತು, ತಕ್ಕಡಿ ಬೇಕಾಗಿಲ್ಲ. ಸಕ್ಕರೆ, ರವೆಗೂ ಹೀಗೇ ಮಾಡಿ, ಕಪಾಟಿನ ಬಾಗಿಲ ಒಳಗೆ ಬರೆದು ಅಂಟಿಸಿ. ಹಿಟ್ಟನ್ನು ಅದುಮಬೇಡಿ, ಲೋಟ ಕುಟ್ಟಬೇಡಿ. ಅಂಚಿಗೆ ಸಮನಾಗಿ ಚಾಕುವಿನಿಂದ ಸವರಿ. ಅಮ್ಮ ಗೋಪುರದಂತೆ ತುಂಬುತ್ತಾರೋ, ಸಮ ಮಾಡುತ್ತಾರೋ ಅದನ್ನೂ ಕೇಳಿ. ಎಷ್ಟೋ ಮನೆಗಳಲ್ಲಿ ರುಚಿಯ ಗುಟ್ಟು ಆ ಗೋಪುರದಲ್ಲೇ ಇರುತ್ತದೆ.

ಇನ್ನು ಉಪ್ಪಿನಕಾಯಿ. ಅಮ್ಮನ ಅಳತೆ ಕಲ್ಲುಪ್ಪಿನದು, ನಿಮ್ಮ ಡಬ್ಬಿಯಲ್ಲಿರುವುದು ಪುಡಿ ಉಪ್ಪು. ಹರಳುಗಳ ನಡುವೆ ಗಾಳಿ ಇರುತ್ತದೆ, ಆದ್ದರಿಂದ ಅದೇ ಲೋಟದಲ್ಲಿ ಪುಡಿ ಉಪ್ಪು ಹೆಚ್ಚು ತೂಗುತ್ತದೆ. ಲೋಟಕ್ಕೆ ಲೋಟ ಹಾಕಿದರೆ ವರ್ಷದ ಮಾವಿನಮಿಡಿ ಬಾಯಿಗಿಡಲಾಗದು. ಅಂದಾಜಿಗೆ ಕಡಿಮೆ ಮಾಡಿದರೆ ಬೂಷ್ಟು ಹಿಡಿಯುತ್ತದೆ. ಒಂದು ಲೋಟ ಕಲ್ಲುಪ್ಪನ್ನು ಕಿರಾಣಿಯವರ ತಕ್ಕಡಿಯಲ್ಲಿ ತೂಗಿಸಿ, ಅಷ್ಟೇ ಗ್ರಾಂ ಪುಡಿ ಉಪ್ಪು ಹಾಕಿ.