ನೇಮಕದ ವಿವೇಕ



ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಯಿಂದ ಬಂದು ನೆರೆದಿರುವ ತಮ್ಮಲ್ಲಿ ಬಹುಮಂದಿ ಕಾಫಿ ತೋಟವನ್ನೇ ನಂಬಿದವರು. ಕೊಯ್ಲು ಸಮೀಪಿಸಿತೆಂದರೆ, “ಬುದ್ಧೀ, ನಂಬಿಗಸ್ತನಾದ ರೈಟರೊಬ್ಬ ಬೇಕು” ಎಂದು ಕೆಲವರು ಬರುತ್ತಾರೆ; “ನಮ್ಮ ಹುಡುಗನಿಗೊಂದು ಕೆಲಸ ಹೇಳಬೇಕು” ಎಂದು ಮತ್ತೆ ಕೆಲವರು ಬರುತ್ತಾರೆ. ಇಬ್ಬರನ್ನೂ ಜೋಡಿಸಿ ಕಳಿಸುವುದು ಸುಲಭ. ಆದರೆ ಮಠದ ಆಶೀರ್ವಾದ ಬೇರೆ, ಕೆಲಸದ ಅರ್ಹತೆ ಬೇರೆ. ಆದುದರಿಂದ ಈ ವಿಚಾರವಾಗಿ ಇಂದು ನಾಲ್ಕು ಮಾತು ಹೇಳಬಯಸುತ್ತೇವೆ.

ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಮಾತ್ಯರ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ಧರ್ಮ, ಅರ್ಥ, ಕಾಮ, ಭಯ ಎಂಬ ನಾಲ್ಕು ಉಪಧೆಗಳನ್ನು ಅದು ಹೇಳುತ್ತದೆ. ಹಣದ ಆಮಿಷಕ್ಕೆ ಬಗ್ಗದವನಿಗೆ ಬೊಕ್ಕಸ. ಧರ್ಮದಲ್ಲಿ ನಿಶ್ಚಲನಾದವನಿಗೆ ನ್ಯಾಯಸ್ಥಾನ. ಭಯಕ್ಕೆ ಅಲುಗದವನಿಗೆ ಅರಸನ ಸಮೀಪದ ಕಾರ್ಯ. ಒಂದರಲ್ಲಿ ಶುದ್ಧನಾದವನು ಎಲ್ಲಕ್ಕೂ ಒದಗುವನೆಂದು ಕೌಟಿಲ್ಯನು ಭಾವಿಸಲಿಲ್ಲ. ಲೋಕದಲ್ಲಾದರೋ, ‘ಹುಡುಗ ಸಂಭಾವಿತ, ನಮ್ಮ ನಂಟ’ ಎಂದು ಲೆಕ್ಕ ಬಾರದವನ ಕೈಗೆ ಲೆಕ್ಕದ ಪುಸ್ತಕ ಕೊಡುವುದುಂಟು. ಹುಡುಗ ಸಂಭಾವಿತನೆಂಬುದು ಸುಳ್ಳಲ್ಲ. ಕೊಟ್ಟ ಸ್ಥಾನ ಅವನದಲ್ಲ.

ತಪ್ಪಾದ ನೇಮಕವನ್ನು ಗುರುತಿಸುವುದು ಹೇಗೆ? ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಮೊದಮೊದಲು ಹಸಿರಾಗಿಯೇ ಕಾಣುತ್ತದೆ. ಕಾಂಡದ ಮೇಲಿನ ಉಬ್ಬುಗೆರೆಯನ್ನು ಬಲ್ಲವನಿಗೆ ಮಾತ್ರ ಒಳಗಿನ ಹುಳುವಿನ ಸುಳಿವು ಸಿಗುತ್ತದೆ. ಇಲ್ಲಿಯೂ ಅಂಥ ಗೆರೆಗಳಿವೆ. ಚೆಕ್‌ರೋಲಿನಲ್ಲಿ ನಲವತ್ತು ಹೆಸರಿದ್ದು ತೋಟದಲ್ಲಿ ಮೂವತ್ತೈದು ತಲೆ ಕಂಡರೆ ಅದೊಂದು ಗೆರೆ. ಕೆಂಪು ಹಣ್ಣಿನೊಡನೆ ಹಸಿರುಕಾಯಿಯೂ ಪಲ್ಪರಿಗೆ ಬೀಳುತ್ತಿದ್ದು, ಮೇಸ್ತ್ರಿ ತೂಕವನ್ನಷ್ಟೇ ನೋಡುತ್ತಿದ್ದರೆ ಅದೊಂದು ಗೆರೆ. ಮರಗಸಿ ಮಾಡಿಸುವಾಗ ನೆರಳನ್ನು ಅಳತೆಮೀರಿ ತೆಗೆಸಿದರೆ, ಬಿಸಿಲು ಬಿದ್ದ ಗಿಡಕ್ಕೆ ಕೊರಕ ತಾನಾಗಿಯೇ ಬರುತ್ತದೆ. ಅದೂ ಒಂದು ಗೆರೆ. ಎಲ್ಲಕ್ಕಿಂತ ಆಳವಾದದ್ದು ಇನ್ನೊಂದಿದೆ: ಹತ್ತಾರು ವರ್ಷ ದುಡಿದ ಹಳೆಯ ಆಳುಗಳು ಮಾತಾಡದೆ ಒಬ್ಬೊಬ್ಬರಾಗಿ ಪಕ್ಕದ ತೋಟಕ್ಕೆ ಹೋಗುವುದು. ಸಾಹುಕಾರರಿಗೆ ರೈಟರು ತಗ್ಗಿ ನಡೆಯುವುದು ಮಾತ್ರ ಕಾಣುತ್ತದೆ. ಲೈನಿನ ಮನೆಗಳಲ್ಲಿರುವವರಿಗೆ ಅವನ ನಾಲಗೆ ಕೇಳಿಸುತ್ತದೆ. ಅಸ್ಸಾಮಿನಿಂದಲೋ ಜಾರ್ಖಂಡಿನಿಂದಲೋ ಬಂದ ಆಳಿಗೆ ನಮ್ಮ ಭಾಷೆ ಬಾರದು. ಅವನ ಕೂಲಿ ಅವನ ಕೈಸೇರಿತೇ ಎಂಬುದನ್ನು ಧಣಿಯೇ ಕೇಳಿ ತಿಳಿಯಬೇಕು.

ಕೊರಕ ಹೊಕ್ಕ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕೆಂಬುದು ತೋಟದ ನಿಯಮ. ಆದರೆ ಮನುಷ್ಯ ಗಿಡವಲ್ಲ. ತೋಟದಲ್ಲಿ ಕೆಲಸ ಹೋದರೆ ಮನೆಯೂ ಹೋಗುತ್ತದೆ. ಜಡಿಮಳೆಯ ಆಷಾಢದಲ್ಲಿ ಸಂಸಾರವನ್ನು ಹೊರಗೆ ಹಾಕಿದರೆ ಆ ಮಕ್ಕಳ ಶಾಲೆಯೇನಾಯಿತು? ಅವನನ್ನು ಆರಿಸಿದವರು ಯಾರು? ಕೊಯ್ಲಿನ ಆತುರದಲ್ಲಿ ವಿಚಾರಿಸದೆ, ಕಡಿಮೆ ಸಂಬಳಕ್ಕೆ ಸಿಕ್ಕನೆಂದು, ಬೀಗರ ಮಾತು ಮೀರಲಾರದೆ ನೇಮಿಸಿದವರು ಧಣಿಗಳು. ಆರಿಸಿದವನ ತಪ್ಪಿಗೆ ಆರಿಸಲ್ಪಟ್ಟವನೊಬ್ಬನೇ ದಂಡ ತೆರುವುದು ನ್ಯಾಯವಲ್ಲ.

ಆದುದರಿಂದ ಮೊದಲು ಅರಿಯದವನನ್ನೂ ಅಪ್ರಾಮಾಣಿಕನನ್ನೂ ಬೇರ್ಪಡಿಸಿರಿ. ಅರಿಯದವನಿಗೆ ಹಳೆಯ ಮೇಸ್ತ್ರಿಯ ಜೊತೆ ಒಂದು ಹಂಗಾಮು ಕಲಿಸಿರಿ. ಲೆಕ್ಕ ಬಾರದಿದ್ದರೆ ಕಣವನ್ನೋ ನರ್ಸರಿಯನ್ನೋ ಒಪ್ಪಿಸಿ ನೋಡಿರಿ. ಅಪ್ರಾಮಾಣಿಕನನ್ನು ಕಳಿಸಲೇಬೇಕಾದರೆ ಸಾಕ್ಷಿಯಿಟ್ಟು, ಅವನ ಮಾತನ್ನೂ ಕೇಳಿ, ಬಾಕಿಯನ್ನು ಪೈಸೆ ಉಳಿಸದೆ ಕೊಟ್ಟು, ಮನೆ ಹುಡುಕಲು ಕಾಲಾವಕಾಶವಿತ್ತು ಕಳಿಸಿರಿ. ಸಂತೆಯಲ್ಲಿ ಅವನ ಮಾನ ಹರಾಜು ಹಾಕಬೇಡಿರಿ. ಪಕ್ಕದ ತೋಟದವರು ಕೇಳಿದರೆ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿರಿ. ಪೀಡೆ ತೊಲಗಿದರೆ ಸಾಕೆಂದು ಹೊಗಳಿ ಪತ್ರ ಬರೆದುಕೊಡುವುದು ನೆರೆಯವನಿಗೆ ಮಾಡುವ ದ್ರೋಹ.

ಇನ್ನು ನೇಮಿಸುವ ಮುನ್ನ, ಅವನು ಹಿಂದೆ ಇದ್ದ ತೋಟದ ಧಣಿಯನ್ನು ಒಮ್ಮೆ, ಅಲ್ಲಿಯ ಆಳುಗಳನ್ನು ಎರಡು ಸಲ ವಿಚಾರಿಸಿರಿ. ಕಾಯಕ ಪವಿತ್ರವೆಂದು ನಂಬಿದವರು ಅದನ್ನು ಯಾರ ಕೈಗೆ ಒಪ್ಪಿಸುತ್ತೇವೆಂಬುದನ್ನೂ ಅಷ್ಟೇ ಪವಿತ್ರವೆಂದು ತಿಳಿಯಬೇಕು. ಈ ಸಲದ ಹೂಮಳೆ ಕಾಲಕ್ಕೆ ಬೀಳಲಿ; ಧಣಿಗೂ ದುಡಿಯುವವನಿಗೂ ಸಮನಾಗಿ ಫಲ ದೊರೆಯಲಿ. ಸರ್ವರಿಗೂ ಸನ್ಮಂಗಳವಾಗಲೆಂದು ಹಾರೈಸುತ್ತೇವೆ.