ಬೆಂಗಾಝಿಯ ಮೊರೆ, ಪರಕೀಯರ ವಿಮಾನ

(ವಿದೇಶಿ ಸೈನಿಕ ಹಸ್ತಕ್ಷೇಪದ ಕುರಿತು ನಡೆದ ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಒಂದು ದೇಶದ ಆಡಳಿತವು ತನ್ನ ಪ್ರಜೆಗಳನ್ನೇ ಕೊಲ್ಲತೊಡಗಿದಾಗ ಹೊರಗಿನ ಸೇನೆಯು ಅಲ್ಲಿಗೆ ಪ್ರವೇಶಿಸುವುದು ಸಮರ್ಥನೀಯವೇ ಎಂಬುದು ನನಗೆ ವಹಿಸಲಾದ ವಿಷಯ. ಈ ಪ್ರಶ್ನೆಗೆ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ. ದಾಳಿ ಮಾಡಿದವರು ಯಾರು ಎಂದು ಮೊದಲು ಕೇಳುತ್ತೇವೆ. ಅಮೇರಿಕವೆಂದಾದರೆ ಅದು ಸಾಮ್ರಾಜ್ಯಶಾಹಿ ಆಕ್ರಮಣ, ಅಲ್ಲಿಗೆ ಚರ್ಚೆ ಮುಗಿಯಿತು. 2003ರ ಇರಾಕ್ ಯುದ್ಧದ ಮಟ್ಟಿಗೆ ಈ ಉತ್ತರ ತಪ್ಪಾಗಿರಲಿಲ್ಲ. ಸಮೂಹ ನಾಶಕ ಅಸ್ತ್ರಗಳಿವೆಯೆಂದು ಹೇಳಿ ಒಂದು ದೇಶವನ್ನೇ ಕೆಡವಲಾಯಿತು, ಅಸ್ತ್ರಗಳು ಸಿಗಲಿಲ್ಲ. ಆದ್ದರಿಂದ ಇರಾಕನ್ನು ನಾನು ಇಂದು ಎತ್ತಿಕೊಳ್ಳುವುದಿಲ್ಲ. ನಾನು ಆರಿಸಿಕೊಂಡಿರುವುದು 2011ರ ಲಿಬಿಯಾವನ್ನು. ಅಲ್ಲಿ ವಿಮಾನಗಳನ್ನು ಕಳುಹಿಸಿರೆಂದು ಕೇಳಿದವರೂ ನಮ್ಮವರೇ, ಬೇಡವೆಂದವರೂ ನಮ್ಮವರೇ. ಆಗ ನಾನೂ ಒಂದು ಪಕ್ಷದಲ್ಲಿ ನಿಂತಿದ್ದೆ.

ಆ ವರ್ಷ ನಾನು ಮದ್ರಸದಲ್ಲಿ ಕಲಿಯುತ್ತಾ ಬಿ.ಎ. ಪರೀಕ್ಷೆಗೂ ಓದುತ್ತಿದ್ದೆ. ಅಸರ್ ನಮಾಝಿನ ಬಳಿಕ ಜಗಲಿಯಲ್ಲಿ ಉರ್ದು ಮತ್ತು ಕನ್ನಡ ಪತ್ರಿಕೆಗಳನ್ನು ಹರಡಿಕೊಂಡು ಕುಳಿತುಕೊಳ್ಳುವುದು ನಮ್ಮ ರೂಢಿ. ತಫ್ಸೀರ್ ಕಲಿಸುತ್ತಿದ್ದ ಹಿರಿಯ ಉಸ್ತಾದರೂ ಇತಿಹಾಸ ಕಲಿಸುತ್ತಿದ್ದ ಕಿರಿಯ ಉಸ್ತಾದರೂ ಲಿಬಿಯಾದ ವಿಷಯದಲ್ಲಿ ಮಗ್ರಿಬ್ ಬಾಂಗಿನ ತನಕ ವಾದಿಸುತ್ತಿದ್ದರು. ಅಷ್ಟು ಗಂಭೀರವಾದ, ಅಷ್ಟೇ ಮರ್ಯಾದೆಯಿಂದ ಕೂಡಿದ ವಾದವನ್ನು ನಾನು ಅನಂತರ ಯಾವ ದೂರದರ್ಶನ ಚರ್ಚೆಯಲ್ಲಿಯೂ ಕಂಡಿಲ್ಲ.

ಹಿರಿಯ ಉಸ್ತಾದರು ಹಸ್ತಕ್ಷೇಪದ ಪರ. ಇದು ನಿಮಗೆ ಆಶ್ಚರ್ಯವೆನಿಸಬಹುದು. ಆದರೆ ಅವರು ಬೋಸ್ನಿಯಾವನ್ನು ಕಂಡ ತಲೆಮಾರಿನವರು. 1992ರಲ್ಲಿ ಸರಾಯೆವೊ ನಗರಕ್ಕೆ ಮುತ್ತಿಗೆ ಬಿದ್ದಾಗ ಮಸೀದಿಯ ಬಾಗಿಲಲ್ಲಿ ಬಟ್ಟೆ ಹಿಡಿದು ಪರಿಹಾರ ನಿಧಿ ಸಂಗ್ರಹಿಸಿದವರು. ವಿಶ್ವಸಂಸ್ಥೆಯು 1991ರಲ್ಲಿ ಇಡೀ ಯುಗೊಸ್ಲಾವಿಯಾದ ಮೇಲೆ ಶಸ್ತ್ರಾಸ್ತ್ರ ನಿರ್ಬಂಧ ಹೇರಿತ್ತು. ಹಳೆಯ ಸೇನೆಯ ತೋಪುಗಳೆಲ್ಲ ಸರ್ಬರ ಕೈಯಲ್ಲಿದ್ದುದರಿಂದ ಆ ನಿರ್ಬಂಧದ ಭಾರ ಬಿದ್ದುದು ಬರಿಗೈಯಲ್ಲಿದ್ದ ಬೋಸ್ನಿಯಾದವರ ಮೇಲೆ. ಅವರು ಜಗತ್ತನ್ನು ಬೇಡಿದ್ದು ಎರಡನ್ನು: ನಿರ್ಬಂಧ ತೆಗೆಯಿರಿ, ಅಥವಾ ನೀವೇ ಬಂದು ರಕ್ಷಿಸಿರಿ. ಎರಡೂ ಸಕಾಲದಲ್ಲಿ ಆಗಲಿಲ್ಲ. 1993ರಲ್ಲಿ ಸ್ರೆಬ್ರೆನಿತ್ಸಾವನ್ನು 'ಸುರಕ್ಷಿತ ವಲಯ'ವೆಂದು ಘೋಷಿಸಲಾಯಿತು. 1995ರ ಜುಲೈಯಲ್ಲಿ ಅಲ್ಲಿದ್ದ ಡಚ್ ಶಾಂತಿಪಾಲಕರ ಕಣ್ಣೆದುರೇ ಪುರುಷರನ್ನೂ ಹುಡುಗರನ್ನೂ ಬೇರ್ಪಡಿಸಲಾಯಿತು. ಕೊಲ್ಲಲ್ಪಟ್ಟವರು 8 ಸಾವಿರಕ್ಕೂ ಹೆಚ್ಚು. ಅದು ಜನಾಂಗ ಹತ್ಯೆಯೆಂದು 2007ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯವೇ ಹೇಳಿತು. ನ್ಯಾಟೋ ವಿಮಾನಗಳು ಸರ್ಬ್ ಸೇನಾ ನೆಲೆಗಳ ಮೇಲೆ ತೀವ್ರ ದಾಳಿ ನಡೆಸಿದ್ದು ಆಗಸ್ಟ್ 30ರಂದು. ಮೂರು ವಾರಗಳ ದಾಳಿ, ಅದೇ ನವೆಂಬರಿನಲ್ಲಿ ಡೇಟನ್ ಒಪ್ಪಂದ. ಮೂರು ವಾರಗಳಲ್ಲಿ ಸಾಧ್ಯವಾದುದು ಮೂರು ವರ್ಷಗಳ ಕಾಲ ಏಕೆ ಅಸಾಧ್ಯವೆನಿಸಿತು ಎಂದು ಹಿರಿಯರು ಕೇಳುತ್ತಿದ್ದರು. ಅವರ ಧ್ವನಿ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು.

ಈಗ ಬೆಂಗಾಝಿಗೆ ಬರೋಣ. 1996ರಲ್ಲಿ ಟ್ರಿಪೊಲಿಯ ಅಬೂ ಸಲೀಂ ಸೆರೆಮನೆಯಲ್ಲಿ ಸುಮಾರು 1,200 ಕೈದಿಗಳನ್ನು ಕೊಲ್ಲಲಾಗಿತ್ತು. ವರ್ಷಗಳ ಕಾಲ ತಾಯಂದಿರು ಮಕ್ಕಳಿಗಾಗಿ ಊಟ, ಬಟ್ಟೆ ತಂದು ಸೆರೆಮನೆಯ ಬಾಗಿಲಲ್ಲಿ ಕೊಟ್ಟು ಹೋಗುತ್ತಿದ್ದರು. ಮಕ್ಕಳು ಸತ್ತಿರುವರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಕುಟುಂಬಗಳ ಪರವಾಗಿ ನಿಂತ ವಕೀಲರನ್ನು 2011ರ ಫೆಬ್ರವರಿ 15ರಂದು ಬಂಧಿಸಿದಾಗ ಬೆಂಗಾಝಿಯ ಜನ ಬೀದಿಗಿಳಿದರು. ಪ್ರತಿಭಟನೆಗೆ ಗುಂಡುಗಳ ಉತ್ತರ ಬಂತು. ಫೆಬ್ರವರಿ 26ರಂದು ಭದ್ರತಾ ಮಂಡಳಿಯು 1970ನೇ ಠರಾವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಭಾರತವೂ ಪರವಾಗಿ ಮತ ನೀಡಿತ್ತು. ಅದೇ ದಿನಗಳಲ್ಲಿ ನಮ್ಮ ಸರಕಾರವು ಹಡಗು, ವಿಮಾನಗಳನ್ನು ಕಳುಹಿಸಿ 15 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಲಿಬಿಯಾದಿಂದ ಕರೆತಂದಿತು. ಮನೆಯವರು ಮರಳಿದ ಮೇಲೆ ಲಿಬಿಯಾವನ್ನು ಮರೆತುಬಿಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಅದನ್ನು ದೂರುವ ಯೋಗ್ಯತೆ ನನಗಿಲ್ಲ.

ಮಾರ್ಚ್ 12ರಂದು ಅರಬ್ ಲೀಗ್ ತಾನಾಗಿಯೇ ವಿಮಾನ ಹಾರಾಟ ನಿಷೇಧ ವಲಯವನ್ನು ಕೋರಿತು. ಸಿರಿಯಾ ಮತ್ತು ಅಲ್ಜೀರಿಯಾ ವಿರೋಧಿಸಿದ್ದವು. ಶೈಖ್ ಯೂಸುಫುಲ್ ಕರ್ಝಾವಿಯವರಂತೂ ಗದ್ದಾಫಿಯನ್ನು ಕೊಲ್ಲುವುದು ಲಿಬಿಯಾದ ಸೈನಿಕರಿಗೆ ಧರ್ಮಸಮ್ಮತವೆಂದು ಅಲ್ ಜಝೀರಾದಲ್ಲಿ ಫೆಬ್ರವರಿಯಲ್ಲಿಯೇ ಫತ್ವಾ ನೀಡಿದ್ದರು. ತುರ್ಕಿಯ ಎರ್ದೊಗಾನ್ ಮೊದಲು ನ್ಯಾಟೋದ ಪ್ರವೇಶವನ್ನು ಬಲವಾಗಿ ಆಕ್ಷೇಪಿಸಿ, ಬಳಿಕ ಅದೇ ಕಾರ್ಯಾಚರಣೆಗೆ ನೌಕೆಗಳನ್ನು ಕಳುಹಿಸಿದರು. (2010ರ ಕೊನೆಯಲ್ಲಿ ಅವರು ಟ್ರಿಪೊಲಿಗೆ ಹೋಗಿ ಗದ್ದಾಫಿಯ ಹೆಸರಿನ ಮಾನವ ಹಕ್ಕು ಪ್ರಶಸ್ತಿಯನ್ನು ಸ್ವೀಕರಿಸಿದ್ದರೆಂಬುದು ಇತಿಹಾಸದ ಒಂದು ಕ್ರೂರ ವಿನೋದ.) ಮಾರ್ಚ್ 17ರಂದು ಗದ್ದಾಫಿ ಬೆಂಗಾಝಿಯ ಬಂಡುಕೋರರಿಗೆ ಕರುಣೆಯಿಲ್ಲವೆಂದು ಸಾರಿದನು. ಅದೇ ರಾತ್ರಿ ಭದ್ರತಾ ಮಂಡಳಿಯು 1973ನೇ ಠರಾವನ್ನು ಅಂಗೀಕರಿಸಿತು. ಪರ 10, ವಿರೋಧ ಶೂನ್ಯ. ಭಾರತ, ಚೀನಾ, ರಷ್ಯಾ, ಬ್ರೆಝಿಲ್ ಮತ್ತು ಜರ್ಮನಿ ತಟಸ್ಥ. ಎರಡು ದಿನಗಳ ಬಳಿಕ, ನಗರದ ಅಂಚಿಗೆ ತಲುಪಿದ್ದ ಗದ್ದಾಫಿಯ ಸೇನಾಪಡೆಯ ಮೇಲೆ ಫ್ರಾನ್ಸಿನ ವಿಮಾನಗಳು ಬಾಂಬ್ ಹಾಕಿದವು.

ಜಗಲಿಯ ವಾದ ಬಿರುಸಾದುದು ಆಗ. ಹಿರಿಯ ಉಸ್ತಾದರು ಸೂರಃ ಅಲ್ ಹುಜುರಾತ್‌ನ ಒಂಬತ್ತನೆಯ ಸೂಕ್ತದ ಆಶಯವನ್ನು ಮುಂದಿಟ್ಟರು: ಕಾದಾಡುವ ಎರಡು ಪಂಗಡಗಳಲ್ಲಿ ಸಂಧಾನಕ್ಕೆ ಬಗ್ಗದೆ ಅತಿಕ್ರಮ ಎಸಗುವ ಪಂಗಡವನ್ನು ಬಲದಿಂದಲಾದರೂ ತಡೆಯಬೇಕು. ಕಿರಿಯ ಉಸ್ತಾದರು ಅದನ್ನು ಅಲ್ಲಗಳೆಯಲಿಲ್ಲ. ಆ ಆದೇಶ ಯಾರಿಗೆ, ಪ್ಯಾರಿಸಿಗೋ ಎಂದಷ್ಟೇ ಕೇಳಿದರು. ಉಮ್ಮತ್ತಿನ ಬಳಿ ವಿಮಾನಗಳಿಲ್ಲವೇ? ಅವುಗಳನ್ನು ಕೋಟಿಗಟ್ಟಲೆ ತೆತ್ತು ಕೊಂಡಿದ್ದು ಯಾವ ದಿನಕ್ಕಾಗಿ? ತಾವು ಮಾಡಬೇಕಾದ ಕೆಲಸವನ್ನು ಹಳೆಯ ವಸಾಹತು ಶಕ್ತಿಗಳಿಗೆ ಗುತ್ತಿಗೆ ಕೊಟ್ಟ ಮೇಲೆ, ಗುತ್ತಿಗೆದಾರನು ತನಗೆ ಬೇಕಾದ ನಕ್ಷೆಯಂತೆ ಮನೆ ಕಟ್ಟಿದರೆ ದೂರುವುದು ಯಾರನ್ನು? ಮತ್ತು ಆ ಸೂಕ್ತದಲ್ಲಿ ಸಂಧಾನವೇ ಮೊದಲೂ ಕೊನೆಯೂ ಅಲ್ಲವೇ, ಅದನ್ನು ನಡೆಸುವವರು ಯಾರು?

ನಾನು ಹಿರಿಯರ ಪಕ್ಷ. ನಮ್ಮ ಕೈಬರಹದ ಪತ್ರಿಕೆಯಲ್ಲಿ ಹಸ್ತಕ್ಷೇಪವನ್ನು ಬೆಂಬಲಿಸಿ ಎರಡು ಪುಟಗಳ ಲೇಖನ ಬರೆದೆ. ಠರಾವನ್ನು ಓದಿರಲಿಲ್ಲ. ಪತ್ರಕರ್ತನಾದ ಮೇಲೆ, ಅಂದರೆ ಆಗಬೇಕಾದುದಕ್ಕಿಂತ ಬಹಳ ತಡವಾಗಿ, ಅದನ್ನು ಓದಿದೆ. ಅದರ ಮೊದಲ ಬೇಡಿಕೆಯೇ ತಕ್ಷಣದ ಕದನ ವಿರಾಮ. ನಾಗರಿಕರ ರಕ್ಷಣೆಗೆ 'ಅಗತ್ಯವಾದ ಎಲ್ಲ ಕ್ರಮ'ಗಳಿಗೆ ಅನುಮತಿಯಿದೆ. ವಿದೇಶಿ ಪಡೆಯು ದೇಶವನ್ನು ಆಕ್ರಮಿಸಿಕೊಳ್ಳುವುದಕ್ಕೆ ಸ್ಪಷ್ಟ ನಿಷೇಧವಿದೆ. ಆಡಳಿತವನ್ನು ಬದಲಿಸಿ ಎಂಬ ಮಾತು ಎಲ್ಲಿಯೂ ಇಲ್ಲ.

ಆದರೆ ನಡೆದುದೇನು? ದಾಳಿ ಆರಂಭವಾದ ಮರುದಿನವೇ ಅರಬ್ ಲೀಗಿನ ಅಂದಿನ ಪ್ರಧಾನ ಕಾರ್ಯದರ್ಶಿ ಅಮ್ರ್ ಮೂಸಾ, ತಾವು ಕೇಳಿದ್ದು ಇದನ್ನಲ್ಲ ಎಂಬರ್ಥದಲ್ಲಿ ಆಕ್ಷೇಪವೆತ್ತಿ ಬಳಿಕ ಮೆತ್ತಗಾದರು. ಏಪ್ರಿಲ್ 10ರಂದು ದಕ್ಷಿಣ ಆಫ್ರಿಕಾದ ಅಧ್ಯಕ್ಷ ಜೇಕಬ್ ಝೂಮಾ ಸಹಿತ ಆಫ್ರಿಕನ್ ಒಕ್ಕೂಟದ ನಿಯೋಗವು ಕದನ ವಿರಾಮದ ಪ್ರಸ್ತಾಪದೊಂದಿಗೆ ಟ್ರಿಪೊಲಿಗೆ ಹೋಯಿತು. ಗದ್ದಾಫಿ ಒಪ್ಪಿದನೆಂದು ನಿಯೋಗ ಹೇಳಿತು. ಮರುದಿನ ಬೆಂಗಾಝಿಯ ನಾಯಕರು ಅದನ್ನು ತಿರಸ್ಕರಿಸಿದರು. ಗದ್ದಾಫಿ ಮತ್ತು ಅವನ ಮಕ್ಕಳು ತೊಲಗದೆ ಮಾತುಕತೆಯಿಲ್ಲ ಎಂದರು. ಅವರ ಅವಿಶ್ವಾಸಕ್ಕೆ ಕಾರಣವಿತ್ತು. 42 ವರ್ಷ ಆಳಿದವನ ಮಾತನ್ನು ಅವರು ಬಲ್ಲವರಾಗಿದ್ದರು, ಮಿಸ್ರಾತಾದ ಮೇಲೆ ಶೆಲ್ಲುಗಳು ಆಗಲೂ ಬೀಳುತ್ತಿದ್ದವು. ಆದರೆ ಆಕಾಶದಲ್ಲಿ ನ್ಯಾಟೋ ಇಲ್ಲದಿದ್ದರೆ ಅವರು ಅಷ್ಟು ಸುಲಭವಾಗಿ ಇಲ್ಲ ಎನ್ನುತ್ತಿದ್ದರೇ? ಠರಾವಿನ ಮೊದಲ ಬೇಡಿಕೆಗಾಗಿ ಪಾಶ್ಚಾತ್ಯ ರಾಜಧಾನಿಗಳು ಬಂಡುಕೋರರ ಮೇಲೆ ಒತ್ತಡ ಹೇರಲಿಲ್ಲ. ಹಸ್ತಕ್ಷೇಪವು ತನ್ನ ನ್ಯಾಯವನ್ನು ಕಳೆದುಕೊಂಡದ್ದು ಅಲ್ಲಿ, ಮಾರ್ಚ್ 19ರಂದಲ್ಲ, ಎಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರು ಇಲ್ಲಿಯೇ ಇದ್ದಾರೆಂದು ಬಲ್ಲೆ.

ಮುಂದಿನದು ನಿಮಗೆ ಗೊತ್ತಿದೆ. ಆಗಸ್ಟಿನಲ್ಲಿ ಟ್ರಿಪೊಲಿ ಬಿತ್ತು. ಅಕ್ಟೋಬರ್ 20ರಂದು ಸಿರ್ತೆಯಲ್ಲಿ ಗದ್ದಾಫಿಯನ್ನು ಹಿಡಿದು ಕೊಂದರು. ಅಕ್ಟೋಬರ್ 31ಕ್ಕೆ ನ್ಯಾಟೋ ಕಾರ್ಯಾಚರಣೆ ಮುಗಿಯಿತು. ವಿಮಾನ ದಾಳಿಯಲ್ಲಿ ಕನಿಷ್ಠ 72 ನಾಗರಿಕರು ಸತ್ತರೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2012ರಲ್ಲಿ ದಾಖಲಿಸಿತು. ಇತರ ಯುದ್ಧಗಳಿಗೆ ಹೋಲಿಸಿದರೆ ಸಂಖ್ಯೆ ಸಣ್ಣದು. ಅವರಲ್ಲಿ ಮೂರರಲ್ಲಿ ಒಂದು ಪಾಲು ಮಕ್ಕಳು. ನನ್ನನ್ನು ಇದಕ್ಕಿಂತಲೂ ಹೆಚ್ಚು ಕಾಡುವುದು ತವರ್ಗಾ. ಕರಿಯ ವರ್ಣದ ಲಿಬಿಯನ್ನರೇ ಹೆಚ್ಚಾಗಿದ್ದ ಆ ಪಟ್ಟಣದ ಸುಮಾರು 40 ಸಾವಿರ ನಿವಾಸಿಗಳನ್ನು, ಗದ್ದಾಫಿಯ ಪಕ್ಷದವರೆಂಬ ಆರೋಪ ಹೊರಿಸಿ, ಮಿಸ್ರಾತಾದ ಸಶಸ್ತ್ರ ಗುಂಪುಗಳು ಹೊರಗಟ್ಟಿದವು. ಇಡೀ ಪಟ್ಟಣ ಬರಿದಾಯಿತು. ನಾಗರಿಕರನ್ನು ರಕ್ಷಿಸುವ ಅಧಿಕಾರ ಪತ್ರ ಆಗಲೂ ಜಾರಿಯಲ್ಲಿತ್ತು, ವಿಮಾನಗಳು ಆಗಲೂ ಹಾರುತ್ತಿದ್ದವು. ಅವರು ನಾಗರಿಕರಾಗಿರಲಿಲ್ಲವೇ? ಈ ಪ್ರಶ್ನೆಯನ್ನು ನಾವು ಪಾಶ್ಚಾತ್ಯರಿಗೆ ಮಾತ್ರ ಕೇಳಿದರೆ ಸಾಲದು. ಹೊರಗಟ್ಟಿದವರೂ ಹೊರಗಟ್ಟಲ್ಪಟ್ಟವರೂ ಒಂದೇ ಕಿಬ್ಲಾದ ಕಡೆಗೆ ತಿರುಗುವವರು.

2014ರ ಬಳಿಕ ದೇಶದಲ್ಲಿ ಎರಡೆರಡು ಸರಕಾರಗಳು. 2016ರಲ್ಲಿ ಒಬಾಮ, ಗದ್ದಾಫಿಯ ಬಳಿಕ ಏನೆಂದು ಯೋಜಿಸದಿದ್ದುದು ತನ್ನ ಅಧಿಕಾರಾವಧಿಯ ಬಹುಶಃ ಅತಿದೊಡ್ಡ ತಪ್ಪೆಂದು ಒಪ್ಪಿಕೊಂಡರು. ಅದೇ ವರ್ಷ ಬ್ರಿಟಿಷ್ ಸಂಸತ್ತಿನ ವಿದೇಶಾಂಗ ಸಮಿತಿಯು, ನಾಗರಿಕರಿಗಿದ್ದ ಅಪಾಯವನ್ನು ಉತ್ಪ್ರೇಕ್ಷಿಸಲಾಗಿತ್ತೆಂದೂ, ರಕ್ಷಣೆಗೆಂದು ಹೋದವರು ಆಡಳಿತ ಬದಲಾವಣೆಯತ್ತ ಜಾರಿದರೆಂದೂ ವರದಿ ನೀಡಿತು. ಗದ್ದಾಫಿ ಮರಳಿ ವಶಪಡಿಸಿಕೊಂಡ ಪಟ್ಟಣಗಳಲ್ಲಿ ಸಾಮೂಹಿಕ ಹತ್ಯೆ ನಡೆದಿರಲಿಲ್ಲವೆಂಬುದು ಅದರ ಒಂದು ಆಧಾರ. ವರದಿ ಬರೆದವರು ಲಂಡನಿನಲ್ಲಿದ್ದರು, ಐದು ವರ್ಷಗಳ ಬಳಿಕ. ಬೆಂಗಾಝಿಯವರಿಗೆ ಆ ರಾತ್ರಿ ಅಬೂ ಸಲೀಂ ನೆನಪಿತ್ತು.

ಹಾಗಾದರೆ ಕಿರಿಯ ಉಸ್ತಾದರು ಗೆದ್ದರೇ? ಅವರು ಹಾಗೆ ಹೇಳಿಕೊಳ್ಳಲಿಲ್ಲ, ಏಕೆಂದರೆ ಪಕ್ಕದಲ್ಲೇ ಸಿರಿಯಾ ಇತ್ತು. ಅಲ್ಲಿಯೂ 2011ರಲ್ಲಿಯೇ ಜನ ಬೀದಿಗಿಳಿದರು. ಆ ಅಕ್ಟೋಬರಿನಲ್ಲಿ ಸಿರಿಯಾ ಕುರಿತ ಠರಾವಿಗೆ ರಷ್ಯಾ ಮತ್ತು ಚೀನಾ ವೀಟೋ ಹಾಕಿದವು. ರಷ್ಯಾ ಲಿಬಿಯಾದ ಅನುಭವವನ್ನೇ ಕಾರಣವಾಗಿ ತೋರಿಸಿತು. ಅಸದ್‌ನ ವಿಮಾನಗಳನ್ನು ತಡೆಯುವವರು ಯಾರೂ ಬರಲಿಲ್ಲ. ಲಕ್ಷಾಂತರ ಜನ ಸತ್ತರು. ದೇಶದ ಅರ್ಧದಷ್ಟು ಜನ ಮನೆ ತೊರೆದರು. 2015ರ ಸೆಪ್ಟೆಂಬರಿನಿಂದ ರಷ್ಯಾದ ವಿಮಾನಗಳು ಅಸದ್‌ನ ಪರವಾಗಿ ಬಾಂಬ್ ಹಾಕಿದವು. ಸರಕಾರದ ಆಮಂತ್ರಣವಿದ್ದುದರಿಂದ ಕಾನೂನಿನ ದೃಷ್ಟಿಯಲ್ಲಿ ಅದು ಸಕ್ರಮವೆಂದು ವಾದಿಸಲಾಯಿತು. ಅಂದರೆ ಕೊಲ್ಲುವವನು ಕರೆದರೆ ಅದು ಸಹಕಾರ, ಸಾಯುವವನು ಕರೆದರೆ ಹಸ್ತಕ್ಷೇಪ! ನ್ಯಾಟೋ ವಿರುದ್ಧ ಬೀದಿಗಿಳಿದ ನಾವು ಅಲೆಪ್ಪೊ ಬೀಳುವಾಗ ಎಷ್ಟು ಸಭೆಗಳನ್ನು ನಡೆಸಿದೆವು? ಅಸದ್ ಓಡಿಹೋದದ್ದು 2024ರ ಡಿಸೆಂಬರಿನಲ್ಲಿ.

ನಮ್ಮ ದೇಶದ ನಿಲುವಿನ ಬಗ್ಗೆಯೂ ಒಂದೆರಡು ಮಾತು. 1999ರಲ್ಲಿ ನ್ಯಾಟೋ ಕೊಸೊವೊದ ಹೆಸರಿನಲ್ಲಿ ಭದ್ರತಾ ಮಂಡಳಿಯ ಅನುಮತಿಯಿಲ್ಲದೆ ಯುಗೊಸ್ಲಾವಿಯಾದ ಮೇಲೆ 78 ದಿನ ಬಾಂಬ್ ಹಾಕಿತು. ಅದನ್ನು ನಿಲ್ಲಿಸಬೇಕೆಂಬ ಕರಡು ಠರಾವನ್ನು ರಷ್ಯಾದೊಂದಿಗೆ ಮುಂದಿಟ್ಟವರಲ್ಲಿ ಭಾರತವೂ ಒಂದು. 12ಕ್ಕೆ 3 ಮತಗಳಿಂದ ಅದು ಬಿತ್ತು. ಬೀಳಿಸಿದವರಲ್ಲಿ ಮಲೇಶ್ಯಾ ಮತ್ತು ಬಹ್ರೈನ್ ಇದ್ದವು. ಆದರೆ 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಾಗ ಭಾರತವು ಗಡಿಯ ಗೆರೆಯನ್ನು ಪವಿತ್ರವೆಂದು ಭಾವಿಸಲಿಲ್ಲ. ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆಯು 11ರ ವಿರುದ್ಧ 104 ಮತಗಳಿಂದ ಕದನ ವಿರಾಮಕ್ಕೆ ಕರೆ ನೀಡಿತು. ಭಾರತ ಕಿವಿಗೊಡಲಿಲ್ಲ, ಡಿಸೆಂಬರ್ 16ಕ್ಕೆ ಯುದ್ಧ ಮುಗಿಯಿತು, ಕೆಲವು ತಿಂಗಳುಗಳಲ್ಲಿ ಸೇನೆ ಮರಳಿತು. ನಮ್ಮ ಹಳೆಯ ತಲೆಮಾರು ಮನೆಯೊಳಗೆ ಈ ವಿಷಯವನ್ನು ಮಾತಾಡುತ್ತಿರಲಿಲ್ಲ. ಬಂಗಾಳಿ ಮುಸ್ಲಿಮರನ್ನು ಕೊಂದ ಸೇನೆ ಮುಸ್ಲಿಮ್ ದೇಶದ್ದೇ ಆಗಿತ್ತು. ಅದನ್ನು ತಡೆಯಲು ಯಾವ ಮುಸ್ಲಿಮ್ ರಾಷ್ಟ್ರವೂ ಮುಂದಾಗಲಿಲ್ಲ. ಭಾರತಕ್ಕೆ ತನ್ನದೇ ಲಾಭವಿರಲಿಲ್ಲವೇ ಎಂದರೆ ಖಂಡಿತ ಇತ್ತು. ಲಾಭವಿಲ್ಲದೆ ಸೇನೆ ಕಳುಹಿಸಿದ ದೇಶವನ್ನು ನಾನು ಇತಿಹಾಸದ ಪುಸ್ತಕದಲ್ಲಿ ಕಂಡಿಲ್ಲ. ಆದುದರಿಂದ ಲಾಭವಿದೆಯೇ ಎಂಬ ಪ್ರಶ್ನೆಯೊಂದೇ ಸಾಲದು. ಕರೆದವರು ಯಾರು, ಯಾವ ಕೆಲಸಕ್ಕೆ ಕರೆದರು, ಆ ಕೆಲಸ ಮುಗಿದ ದಿನ ನಿಂತರೇ, ನಿಲ್ಲದಿದ್ದರೆ ಕೇಳುವವರು ಯಾರು? ಲಿಬಿಯಾದಲ್ಲಿ ಮೊದಲ ಎರಡು ಪ್ರಶ್ನೆಗಳಿಗೆ ಉತ್ತರವಿತ್ತು, ಕೊನೆಯ ಎರಡಕ್ಕೆ ಇರಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಲಿಬಿಯಾದ ದೆರ್ನಾ ನಗರದ ಮೇಲಿನ ಎರಡು ಅಣೆಕಟ್ಟುಗಳು ಒಡೆದು ಒಂದೇ ರಾತ್ರಿಯಲ್ಲಿ ಸಾವಿರಾರು ಜನ ಸಮುದ್ರ ಪಾಲಾದರು. ಅವುಗಳ ದುರಸ್ತಿ ಕೆಲಸ 2011ರ ಗಲಭೆಯಲ್ಲಿ ನಿಂತದ್ದು ಮತ್ತೆ ಆರಂಭವಾಗಿರಲಿಲ್ಲ. ಆ ವಾರ ನಾನು ಹಿರಿಯ ಉಸ್ತಾದರನ್ನು ಕಾಣಲು ಹೋದೆ. ಕಣ್ಣು ಮಂಜಾಗಿದೆ, ಸುದ್ದಿಯನ್ನು ಮೊಮ್ಮಗಳು ಓದಿ ಹೇಳುತ್ತಾಳೆ. "ನೀನು ಆಗ ಬರೆದದ್ದನ್ನು ಈಗಲೂ ಬರೆಯುತ್ತೀಯಾ?" ಎಂದು ಕೇಳಿದರು.

ಬರೆಯುತ್ತೇನೆ ಉಸ್ತಾದ್, ಎಂದೆ. ಅಂದಿನ ರಾತ್ರಿ ಬೆಂಗಾಝಿಯವರ ಮೊರೆ ಸುಳ್ಳಾಗಿರಲಿಲ್ಲ. ಆದರೆ ಏಪ್ರಿಲ್ 11ರಂದು, ಆಫ್ರಿಕಾದವರನ್ನು ಬರಿಗೈಯಲ್ಲಿ ಕಳುಹಿಸಿದ ದಿನ, ನಾನು ಇನ್ನೊಂದು ಲೇಖನ ಬರೆಯಬೇಕಿತ್ತು. ಆ ದಿನದ ಪತ್ರಿಕೆಯನ್ನು ಜಗಲಿಯಲ್ಲಿ ಓದಿದ್ದೂ ನೆನಪಿದೆ. ಬರೆಯಲಿಲ್ಲ.

ಅವರು ಬಹಳ ಹೊತ್ತು ಸುಮ್ಮನಿದ್ದು, "ನಾನೂ ಅಂದು ಏನೂ ಹೇಳಲಿಲ್ಲ," ಎಂದರು.